ಮಗ ಕೀಟಾದಲ್ಲಿ ನಾಲ್ಕು ತಿಂಗಳಿಂದ ಬಾಯೇ ಬಿಟ್ಟಿಲ್ಲ, ಮನೇಲಿ ಕನ್ನಡ ನಿಲ್ಲಿಸ್ಬೇಕಾ ಮೇಡಂ?

ಪ್ರಶ್ನೆ: ನಮಸ್ತೆ ಮೇಡಂ. ಹೋದ ಜೂನ್‌ನಲ್ಲಿ ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದ್ವಿ, ನಮ್ಮೆಜಮಾನ್ರು ಸಾಫ್ಟ್‌ವೇರ್, ಬ್ಲೂ ಕಾರ್ಡ್ ಅನ್ನೋ ಕೆಲ್ಸದ ಪರ್ಮಿಟ್ ಮೇಲೆ ಬಂದಿರೋದು. ಮಗನಿಗೆ ಈಗ ಮೂರೂವರೆ ವರ್ಷ. ಅಕ್ಟೋಬರಿಂದ ಇಲ್ಲಿನ ಶಿಶುವಿಹಾರಕ್ಕೆ, ಅಂದ್ರೆ ಕೀಟಾಗೆ ಹೋಗ್ತಿದಾನೆ, ಇವತ್ತಿನ ತನಕ ಅಲ್ಲಿ ಒಂದು ಮಾತಾಡಿಲ್ಲ. ಮನೆಗೆ ಬಂದ್ರೆ ಕನ್ನಡದಲ್ಲಿ ವಟವಟ ಅಂತ ತಲೆ ತಿಂತಾನೆ. ಬೆಳಗ್ಗೆ ಬಿಡೋವಾಗ ಅಳು. ಅಲ್ಲಿನ ಟೀಚರ್ ಮನೇಲೂ ಜರ್ಮನ್ ಮಾತಾಡಿ ಅಂತಾರೆ, ನಮ್ಮತ್ತೆ ವೀಡಿಯೋ ಕಾಲ್‌ನಲ್ಲಿ ಮಗು ಮಂಕಾಗ್ತಿದೆ ಅಂತಾರೆ. ನಾನು ಊರಲ್ಲಿ ಕೆಲ್ಸ ಬಿಟ್ಟು ಬಂದೆ, ಇಡೀ ದಿನ ಮನೇಲಿ ಒಬ್ಬಳೇ, ಈಚೆಗೆ ಸುಮ್ಮಸುಮ್ಮನೆ ಅಳು ಬರುತ್ತೆ. ಕನ್ನಡ ನಿಲ್ಲಿಸ್ಬೇಕಾ, ಕೀಟಾ ಬಿಡಿಸ್ಬೇಕಾ, ಇಲ್ಲಾ ವಾಪಸ್ ಬಂದ್ಬಿಡೋದೇ ಒಳ್ಳೇದಾ?

ಉತ್ತರ: ಕನ್ನಡ ನಿಲ್ಲಿಸ್ಬೇಡಿ. ಕೀಟಾನೂ ಬಿಡಿಸ್ಬೇಡಿ. ವಾಪಸ್ ಬರೋದು ಬಿಡೋದು ನಿಮ್ಮಿಬ್ಬರ ಇಷ್ಟ, ಆದ್ರೆ ಅದನ್ನ ಫೆಬ್ರವರಿ ತಿಂಗಳಲ್ಲಿ ಕೂತು ತೀರ್ಮಾನ ಮಾಡ್ಬೇಡಿ, ಯಾಕೆ ಅಂತ ಆಮೇಲೆ ಹೇಳ್ತೀನಿ.

ನಾನು ಸ್ಪೀಚ್ ಥೆರಪಿಸ್ಟ್, ಜೊತೆಗೆ ನಮ್ಮೆಜಮಾನ್ರ ಕೆಲ್ಸಕ್ಕೆ ಅಂತ ನಾಲ್ಕು ವರ್ಷ ಅದೇ ಸ್ಟುಟ್‌ಗಾರ್ಟ್‌ನಲ್ಲಿ ಇದ್ದು ಬಂದೋಳು, ಹಾಗಾಗಿ ನಿಮ್ಮ ಪತ್ರ ಓದ್ತಾ ಆ ಸಂಜೆ ನಾಲ್ಕೂವರೆಗೇ ಆಗೋ ಕತ್ತಲು, ಆ ಕೀಟಾ ಬಾಗಿಲಲ್ಲಿ ಸಾಲಾಗಿ ನೇತಾಕಿರೋ ಕೆಸರು ಪ್ಯಾಂಟು, ರಬ್ಬರ್ ಬೂಟು ಎಲ್ಲಾ ಕಣ್ಮುಂದೆ ಬಂತು. (ಈ ಕೀಟಾ ಅನ್ನೋ ಹೆಸರೇ ಒಂದು ಫಜೀತಿ. ನಮ್ಮಮ್ಮ ಫೋನಲ್ಲಿ ಮಗು ಎಲ್ಲಿ ಅಂತ ಕೇಳ್ದಾಗ "ಕೀಟದಲ್ಲಿದೆ" ಅಂದು, ಅವ್ರು ಗಾಬರಿಯಾಗಿದ್ದು ನಮ್ಮನೇಲಿ ಇವತ್ತಿಗೂ ತಮಾಷೆ.)

ನಿಮ್ಮ ಮಗ ಮಾಡ್ತಿರೋದಕ್ಕೆ ನಮ್ಮ ಓದಿನಲ್ಲಿ ಮೌನದ ಹಂತ ಅಂತಾರೆ. ಒಂದು ಭಾಷೆ ಆಗ್ಲೇ ಚೆನ್ನಾಗಿ ಬರೋ ಮಗು ಇನ್ನೊಂದು ಭಾಷೆ ಜಾಗಕ್ಕೆ ಬಂದಾಗ ಮೊದ್ಲು ಸ್ವಲ್ಪ ದಿನ ತನ್ನ ಭಾಷೇಲೇ ಎಲ್ಲರ ಹತ್ರ ಮಾತಾಡಿ ನೋಡುತ್ತೆ, ಯಾರಿಗೂ ಅರ್ಥ ಆಗ್ತಿಲ್ಲ ಅಂತ ಗೊತ್ತಾದ್ಮೇಲೆ ಬಾಯಿ ಮುಚ್ಕೊಂಡು ಕಿವಿ ತೆಗೆದು ಕೂತ್ಬಿಡುತ್ತೆ. ಕೆಲವಕ್ಕೆ ಇದು ಕೆಲವೇ ವಾರ, ಕೆಲವಕ್ಕೆ ತಿಂಗಳುಗಟ್ಲೆ. ಚಿಕ್ಕ ಮಕ್ಕಳಲ್ಲಿ ಇದು ಜಾಸ್ತಿ ದಿನ ನಡಿಯೋದೂ ಉಂಟು. ಮನೇಲಿ ತಲೆ ತಿಂತಾನೆ ಅಂದ್ರಲ್ಲ, ಆ ಒಂದು ಸಾಲು ಓದಿದ್ಮೇಲೆ ನನಗೆ ಅರ್ಧ ನಿರಾಳ ಆಯ್ತು. ಮಾತಿನ ತೊಂದರೆ ಇರೋ ಮಗುಗೆ ಅದು ಮನೇಲೂ ಇರುತ್ತೆ, ಬಾಗಿಲು ದಾಟಿದ ತಕ್ಷಣ ಬಂದು ಬಾಗಿಲು ದಾಟಿದ ತಕ್ಷಣ ಹೋಗಲ್ಲ.

ಹಾಗಂತ ಸುಮ್ನೆ ಕಾಯ್ತಾ ಕೂರಿ ಅಂತಲ್ಲ. ಟೀಚರ್ ಹತ್ರ ಪ್ರತಿ ದಿನ "ಇವತ್ತು ಮಾತಾಡಿದ್ನಾ" ಅಂತ ಕೇಳೋದು ಮೊದ್ಲು ನಿಲ್ಲಿಸಿ, ಅದನ್ನ ಅವನೂ ಕೇಳಿಸ್ಕೊತಾನೆ, ಮೂರೂವರೆ ವರ್ಷದ ಮಗುಗೆ ಅಮ್ಮನ ಮುಖ ನೋಡಿದ್ರೇ ಸಾಕು ತಾನು ಪರೀಕ್ಷೇಲಿ ಫೇಲು ಅಂತ ಗೊತ್ತಾಗ್ಬಿಡುತ್ತೆ. ಅದ್ರ ಬದ್ಲು ಅವನು ಅಲ್ಲಿ ಏನು ಮಾಡ್ತಾನೆ ಅಂತ ಕೇಳಿ. ಕೈ ತೊಳ್ಕೊಳಿ ಅಂದ್ರೆ ಬೇರೆ ಮಕ್ಕಳನ್ನ ನೋಡಿ ಎದ್ದು ಹೋಗ್ತಾನಾ, ಇಲ್ಲಾ ಮಾತು ಕೇಳಿ ತಾನೇ ಹೋಗ್ತಾನಾ? ಬೇಕಾದ್ದನ್ನ ಬೆರಳು ತೋರ್ಸಿ ಕೇಳ್ತಾನಾ? ಪಕ್ಕ ಕೂತು ಆಡೋ ಮಗು ಯಾವುದಾದ್ರೂ ಇದೆಯಾ? ಬೆಳಗ್ಗೆ ಎಲ್ಲಾ ಸುತ್ತ ಕೂತು ಹಾಡು ಹೇಳ್ತಾರಲ್ಲ, ಮೋರ್ಗನ್‌ಕ್ರೈಸ್ ಅಂತಾರೆ, ಅಲ್ಲಿ ತುಟಿ ಅಲ್ಲಾಡ್ಸ್ತಾನಾ? ಎಷ್ಟೋ ಮಕ್ಕಳಲ್ಲಿ ಹೊಸ ಭಾಷೆ ಮೊದ್ಲು ಹಾಡಿನ ಜೊತೆನೇ ಹೊರಗೆ ಬರೋದು, ಯಾಕಂದ್ರೆ ಹಾಡೋವಾಗ ನನ್ನೊಬ್ಬನ್ನೇ ಯಾರೂ ನೋಡ್ತಿಲ್ಲ ಅನ್ನೋ ಧೈರ್ಯ ಇರುತ್ತೆ. ಆಮೇಲೆ ಬರೋವು ಇಡಿಯಾಗಿ ನುಂಗಿರೋ ತುಣುಕುಗಳು, ನೈನ್, ಮೈನ್ಸ್, ನೋಖ್ ಮಾಲ್, ಇಶ್ ಔಖ್. ಅಂದ್ರೆ ಬೇಡ, ನಂದು, ಇನ್ನೊಂದ್ಸಲ, ನಂಗೂ. ಮಕ್ಕಳ ಗುಂಪಲ್ಲಿ ಬದುಕೋಕೆ ಈ ನಾಲ್ಕು ಇದ್ರೆ ಮುಕ್ಕಾಲು ಪಾಲು ಸಾಕು ನೋಡಿ. ವ್ಯಾಕರಣ ಅದರ ಹಿಂದೆ ಬರುತ್ತೆ.

ಇನ್ನು ಮನೇಲಿ ಜರ್ಮನ್ ಮಾತಾಡಿ ಅನ್ನೋ ಸಲಹೆ. ಹೇಳೋರು ಕೆಟ್ಟ ಮನಸ್ಸಿಂದ ಹೇಳಲ್ಲ, ಅವ್ರಿಗೂ ಮಗು ಒಂದು ಮೂಲೇಲಿ ಕೂತಿರೋದು ನೋಡಿ ಸಂಕಟ. ಆದ್ರೆ ಇದು ಹಳೇ ತಿಳುವಳಿಕೆ. ನೀವೇ ಯೋಚ್ನೆ ಮಾಡಿ, ನಿಮಗೆ ಜರ್ಮನ್ ಎಷ್ಟು ಬರುತ್ತೆ, ಇನ್ನೂರು ಮುನ್ನೂರು ಪದ? ಆ ಪದಗಳಲ್ಲಿ "ಚಂದ್ರ ಯಾಕೆ ನಮ್ ಜೊತೇನೇ ಬರ್ತಿದಾನೆ" ಅಂತ ಅವನು ಕೇಳಿದ್ರೆ ಏನು ಹೇಳ್ತೀರ? ಊಟ ಮಾಡು, ಬಾ, ಹೋಗು, ಮಲ್ಕೊ ಅಷ್ಟೇ. ಕನ್ನಡದಲ್ಲಾದ್ರೆ ಅರ್ಧ ಗಂಟೆ ಕಥೆ ಕಟ್ತೀರ. ಮಗುಗೆ ಕಾರಣ ಅಂದ್ರೇನು, ನಿನ್ನೆ ನಾಳೆ ಅಂದ್ರೇನು, ಆಗ್ಬಹುದಿತ್ತು ಆದ್ರೆ ಆಗ್ಲಿಲ್ಲ ಅನ್ನೋದನ್ನ ಹೇಗೆ ಹೇಳೋದು, ಇದೆಲ್ಲಾ ಒಂದು ಭಾಷೇಲಿ ಗಟ್ಟಿಯಾದ್ರೆ ಇನ್ನೊಂದರಲ್ಲಿ ಬರೀ ಹೊಸ ಪದ ಅಂಟಿಸ್ಕೊಂಡ್ರೆ ಆಯ್ತು. ಹರಕು ಜರ್ಮನ್ ಮಾತಾಡೋ ಅಪ್ಪ ಅಮ್ಮನಿಂದ ಮಗುಗೆ ಜರ್ಮನ್ ಬರಲ್ಲ, ಇದ್ದ ಮಾತುಕತೆ ಬಡವಾಗುತ್ತೆ ಅಷ್ಟೇ. ಟೀಚರ್‌ಗೆ ಹೀಗೆ ಹೇಳಿ, ಮನೇಲಿ ನಾವು ಕನ್ನಡ ಗಟ್ಟಿ ಮಾಡ್ತೀವಿ, ಜರ್ಮನ್ ನಿಮ್ಮ ಕೈಲಿದೆ, ನೀವು ಈ ವಾರ ಯಾವ ಹಾಡು ಹೇಳ್ತೀರ, ಯಾವ ಚಿತ್ರದ ಪುಸ್ತಕ ಓದ್ತೀರ ನಮಗೆ ಹೇಳಿದ್ರೆ ಅದೇ ವಿಷ್ಯ ನಾವು ಮನೇಲಿ ಕನ್ನಡದಲ್ಲಿ ಮಾತಾಡ್ತೀವಿ. ಹೀಗಂದ್ರೆ ಬೇಡ ಅನ್ನೋ ಟೀಚರ್‌ನ ನಾನಂತೂ ನೋಡಿಲ್ಲ. ಮುಂದೆ ಅವನು ಒಂದೇ ವಾಕ್ಯದಲ್ಲಿ ಎರಡೂ ಕಲಸ್ತಾನೆ, "ಅಮ್ಮ ನಂದು ಯಾಕೆ ನಾಸ್ ಆಗಿದೆ" ಅಂತಾನೆ. ನಾಸ್ ಅಂದ್ರೆ ಒದ್ದೆ, ಯಾಕೆ ಅಂದ್ರೆ ಜಾಕೆಟ್ಟು, "ಯಾಕೆ" ಅಂದ ತಕ್ಷಣ ಕಾರಣ ಹುಡುಕೋಕೆ ಹೋಗ್ಬೇಡಿ. ಕಲಬೆರಕೆ ಮಾಡಿದ್ರೆ ತಲೆ ಕೆಟ್ಟಿದೆ ಅಂತಲ್ಲ, ಕೈಗೆ ಸಿಕ್ಕಿದ ಪದ ಎತ್ಕೊತಾನೆ ಅಷ್ಟೇ. ನಾವು ಬೆಂಗಳೂರಲ್ಲಿ ದಿನಾ ಮಾಡೋದು ಇನ್ನೇನು?

ಎಷ್ಟು ದಿನ ಬೇಕು ಅಂತ ಕೇಳ್ತೀರಿ, ಗೊತ್ತು. ಜಿಮ್ ಕಮಿನ್ಸ್ ಅಂತ ಕೆನಡಾದಲ್ಲಿ ವಲಸೆ ಬಂದ ಮಕ್ಕಳ ಮೇಲೆ ಕೆಲ್ಸ ಮಾಡಿದ ವಿದ್ವಾಂಸರು ಒಬ್ರು, ಅವರ ಲೆಕ್ಕ ಈಗ್ಲೂ ನಾವೆಲ್ಲ ಹೇಳೋದು: ಆಟದ ಮೈದಾನದ ಮಾತಿಗೆ ಸುಮಾರು 2 ವರ್ಷ, ಪಾಠ ಓದಿ ಬರೆಯೋ ಮಟ್ಟದ ಭಾಷೆಗೆ 5ರಿಂದ 7 ವರ್ಷ. ನಾಲ್ಕು ತಿಂಗಳು ಯಾವ ಲೆಕ್ಕ. ನಿಮ್ಮ ಊರ ಸುತ್ತಮುತ್ತಲೇ ಇದಕ್ಕೆ ಸಾಕ್ಷಿ ಇದೆ ನೋಡಿ. ನಮ್ಮ ನಿಘಂಟಿನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ನಮ್ಮ ಕಡೆ ಬಂದ್ರು, ನಿಘಂಟು ಅಚ್ಚಾಗಿದ್ದು 1894ರಲ್ಲಿ, 1903ರಲ್ಲಿ ತೀರ್ಕೊಂಡಿದ್ದು ಟ್ಯೂಬಿಂಗನ್‌ನಲ್ಲಿ, ನಿಮ್ಮಲ್ಲಿಂದ ಟ್ರೈನಲ್ಲಿ ಸುಮಾರು ಒಂದು ಗಂಟೆ. 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಕೊನೆಯುಸಿರೆಳೆದಿದ್ದು ಪಕ್ಕದ ಎಸ್ಲಿಂಗನ್‌ನಲ್ಲಿ. ಆ ಕಡೆಯಿಂದ ಈ ಕಡೆ ಬಂದು ನಮ್ಮ ಭಾಷೆ ಕಲಿತು ನಿಘಂಟು ಅಚ್ಚು ಹಾಕ್ಸೋಕೆ ಕಿಟೆಲ್ ಮಹಾಶಯರಿಗೇ ನಲವತ್ತು ವರ್ಷ ಹಿಡೀತು, ನಿಮ್ಮ ಮಗನಿಗೆ ಇನ್ನೊಂದು ನಾಲ್ಕು ತಿಂಗಳು ಕೊಡಿ.

ಆದ್ರೂ ಯಾವಾಗ ಡಾಕ್ಟರ್ ಹತ್ರ ಹೋಗ್ಬೇಕು ಅನ್ನೋದು ಗೊತ್ತಿರ್ಲಿ. ಮನೇಲೂ ಮಾತು ಕಮ್ಮಿ ಆಗ್ತಾ ಬಂದ್ರೆ, ಮೊದ್ಲು ಬರ್ತಿದ್ದ ಕನ್ನಡದ ಪದಗಳೇ ಕಾಣೆಯಾದ್ರೆ, ಹಿಂದಿನಿಂದ ಕರೆದ್ರೆ ತಿರುಗಿ ನೋಡ್ದಿದ್ರೆ, ಅವನ ಕನ್ನಡ ನಿಮ್ಮಿಬ್ಬರಿಗೆ ಬಿಟ್ಟು ಊರಿನೋರಿಗೆ ಯಾರಿಗೂ ಅರ್ಥ ಆಗ್ದಿದ್ರೆ, ಇವು ಯಾವುದಿದ್ರೂ ತಡ ಮಾಡ್ಬೇಡಿ. ಕೀಟಾದಲ್ಲಿ ಮೈಯೆಲ್ಲ ಮರದ ಥರ ಬಿಗಿ ಹಿಡ್ಕೊಂಡು ಕೂರ್ತಾನೆ, ಉಚ್ಚೆ ಬಂದ್ರೂ ಸನ್ನೆ ಮಾಡಲ್ಲ, ಮಕ್ಕಳ ಜೊತೆ ಆಡೋದೂ ಇಲ್ಲ ಅಂದ್ರೂ ಅಷ್ಟೇ. ಸೆಲೆಕ್ಟಿವ್ ಮ್ಯೂಟಿಸಂ, ಅಂದ್ರೆ ಮಾತು ಬಂದ್ರೂ ಕೆಲವು ಕಡೆ ಬಾಯಿ ಬಿಡೋಕಾಗದ ತೊಂದರೆ, ಅಂತ ಗೂಗಲ್‌ನಲ್ಲಿ ನೋಡಿ ರಾತ್ರಿ ಎಲ್ಲಾ ನಿದ್ದೆಗೆಟ್ಟಿರ್ತೀರಿ ಅಂತ ನನ್ನ ಊಹೆ, ಆದ್ರೆ ಆ ಭಾಷೆ ಬರಲ್ಲ ಅನ್ನೋ ಕಾರಣಕ್ಕೇ ಸುಮ್ಮನಿರೋ ಮಗುಗೆ ಆ ಹೆಸರು ಹಚ್ಚೋ ಹಾಗಿಲ್ಲ, ಅದರ ನಿಯಮದಲ್ಲೇ ಹಾಗಿದೆ. ಭಾಷೆ ಚೆನ್ನಾಗಿ ಅರ್ಥ ಆಗ್ತಿದೆ, ಹೇಳಿದ್ದೆಲ್ಲ ಮಾಡ್ತಾನೆ, ಆದ್ರೂ ತಿಂಗಳುಗಟ್ಲೆ ಒಂದು ಸ್ವರ ಇಲ್ಲ ಅಂದಾಗ ಆ ಪ್ರಶ್ನೆ ಬರುತ್ತೆ. ಹೇಗೂ ಅಲ್ಲಿ ಮಕ್ಕಳಿಗೆ ಊ 8 ಅನ್ನೋ ತಪಾಸಣೆ 46ರಿಂದ 48 ತಿಂಗಳ ಒಳಗೆ ಮಾಡ್ತಾರೆ, ಅದ್ರಲ್ಲಿ ಕಿವಿ ಟೆಸ್ಟೂ ಇರುತ್ತೆ, ಈಗ್ಲೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಳ್ಳಿ, ಮಕ್ಕಳ ಡಾಕ್ಟರ್ ಡೇಟ್ ಸಿಗೋಕೆ ಅಲ್ಲಿ ಪುಣ್ಯ ಮಾಡಿರ್ಬೇಕು. ಹೋಗೋವಾಗ ಅವನು ಮನೇಲಿ ಕನ್ನಡ ಮಾತಾಡೋ ವೀಡಿಯೋ ಮೊಬೈಲಲ್ಲಿ ಇಟ್ಕೊಂಡು ಹೋಗಿ. ಡಾಕ್ಟರ್‌ಗೆ ಕನ್ನಡ ಅರ್ಥ ಆಗ್ದಿದ್ರೂ ಎಷ್ಟುದ್ದ ವಾಕ್ಯ, ಎಷ್ಟು ಸರಾಗ ಅಂತ ಕಣ್ಣಿಗೆ ಕಾಣುತ್ತೆ, ಹತ್ತು ನಿಮಿಷದ ವಾದ ಉಳಿಯುತ್ತೆ.

ಬೆಳಗಿನ ಅಳು. ಅಲ್ಲಿನ ಬಹಳ ಕೀಟಾಗಳಲ್ಲಿ ಬರ್ಲಿನ್ ಮಾದರಿ ಅಂತ ಒಂದು ಪದ್ಧತಿ ಇದೆ, ಮೊದ್ಲ ಮೂರು ದಿನ ಅಮ್ಮನೋ ಅಪ್ಪನೋ ಒಳಗೇ ಇರ್ಬೇಕು, ಬಿಟ್ಟು ಹೋಗೋ ಪ್ರಯತ್ನನೇ ಮಾಡೋ ಹಾಗಿಲ್ಲ, ನಾಲ್ಕನೇ ದಿನ ಸ್ವಲ್ಪ ಹೊತ್ತು ಹೊರಗೆ ಹೋಗಿ ನೋಡೋದು, ಮಗು ಹೇಗೆ ತಗೊಳ್ಳುತ್ತೆ ಅನ್ನೋದರ ಮೇಲೆ ಮುಂದಿಂದು. ನಿಮಗೆ ಅದು ಸರಿಯಾಗಿ ಆಯ್ತಾ ಅಂತ ನೀವು ಬರೆದಿಲ್ಲ. ಮಧ್ಯ ಜ್ವರ ಬಂದು ಒಂದೆರಡು ವಾರ ತಪ್ಪಿದ್ರೆ, ಟೀಚರ್ ಹತ್ರ ಮತ್ತೆ ಎರಡು ದಿನ ಒಳಗೆ ಕೂರ್ಲಾ ಅಂತ ಕೇಳಿ, ನಾಚ್ಕೆ ಬೇಡ. ಕದ್ದು ಮಾತ್ರ ಹೋಗ್ಬೇಡಿ. ನಮ್ಮ ಕಡೆ "ಅಲ್ನೋಡು ಕಾಗೆ" ಅಂತ ತೋರ್ಸಿ ಜಾರ್ಕೊಳ್ಳೋ ಅಭ್ಯಾಸ ಇದೆಯಲ್ಲ, ಅದು ಒಂದು ದಿನ ಕೆಲ್ಸ ಮಾಡುತ್ತೆ, ಮಾರನೇ ದಿನದಿಂದ ಮಗು ಕಾಗೆ ನೋಡೋದೇ ಬಿಟ್ಟು ನಿಮ್ಮ ಸೆರಗು ಹಿಡ್ಕೊಂಡಿರುತ್ತೆ. ಊಟ ಆಗಿ ಮಲಗಿ ಎದ್ಮೇಲೆ ಬರ್ತೀನಿ ಅಂತ ಹೇಳಿ, ಒಂದು ಮುತ್ತು, ಹೊರಡೋದು. ಗಂಟೆ ಹೇಳಿದ್ರೆ ಅವನಿಗೆ ಅರ್ಥ ಆಗಲ್ಲ.

ಈಗ ನಿಮ್ಮ ವಿಷ್ಯ. ನಿಜ ಹೇಳ್ಬೇಕಂದ್ರೆ ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಆಗಿದ್ದು ಮಗನದ್ದಲ್ಲ, ನಿಮ್ಮದು. ಮೌನದ ಹಂತದಲ್ಲಿ ನಿಮ್ಮನೇಲಿ ಇಬ್ರಿದೀರ. ಅವನು ಕೀಟಾದಲ್ಲಿ ಸುಮ್ನೆ, ನೀವು ಇಡೀ ಊರಲ್ಲಿ ಸುಮ್ನೆ. ಅವನಿಗಾದ್ರೂ ಸುತ್ತ ಇಪ್ಪತ್ತು ಮಕ್ಕಳ ಮಾತು ಕಿವಿಗೆ ಬೀಳ್ತಿದೆ, ನಿಮಗೆ ಅದೂ ಇಲ್ಲ. ಕೀಟಾ ಬಾಗಿಲಲ್ಲಿ ಬೇರೆ ಅಮ್ಮಂದಿರು ನಕ್ಕು ಏನೋ ಹೇಳ್ದಾಗ ನೀವು ತಲೆ ಬಗ್ಗಿಸ್ಕೊಂಡು ಶೂ ಕಟ್ತಾ ಕೂತಿರ್ತೀರಲ್ವಾ? ನಾನೂ ಹಾಗೇ ಕೂತಿದ್ದೆ. ಮಗು ಅದನ್ನೂ ನೋಡ್ತಿರುತ್ತೆ, ಈ ಜಾಗದಲ್ಲಿ ನಮ್ಮೋರು ಮಾತಾಡಲ್ಲ ಅಂತ ಕಲಿಯುತ್ತೆ. ನಾಳೆಯಿಂದ ಬಾಗಿಲಲ್ಲಿ ಗುಟನ್ ಮೋರ್ಗನ್ ಗಟ್ಟಿಯಾಗಿ ಹೇಳಿ, ತಪ್ಪುತಪ್ಪಾಗಿ ಒಂದು ವಾಕ್ಯ ಸೇರ್ಸಿ, ಜನ ತಿದ್ದಿದ್ರೆ ಅವನೆದುರಿಗೇ ನಕ್ಕು ಮತ್ತೆ ಹೇಳಿ. ತಪ್ಪು ಮಾತಾಡಿದ್ರೆ ಏನೂ ಆಗಲ್ಲ ಅಂತ ಅವನಿಗೆ ತೋರ್ಸೋಕೆ ಇದಕ್ಕಿಂತ ಒಳ್ಳೇ ಥೆರಪಿ ನನ್ನ ಹತ್ರ ಇಲ್ಲ.

ನಂದು ಹೇಗೆ ಶುರುವಾಯ್ತು ಅಂದ್ರೆ ಮೆಟ್ಟಿಲು ಗುಡಿಸೋದ್ರಿಂದ. ನಿಮ್ಮ ಬಿಲ್ಡಿಂಗಲ್ಲೂ ಇರ್ಬೇಕು, ಕೇರ್‌ವೋಖ, ವಾರಕ್ಕೊಂದು ಮನೆಯೋರು ಮೆಟ್ಟಿಲು, ಮುಂದಿನ ದಾರಿ ಎಲ್ಲಾ ಗುಡಿಸ್ಬೇಕು, ಸರದಿ ಯಾರದ್ದೋ ಅವರ ಬಾಗಿಲಿಗೆ ಒಂದು ಪುಟ್ಟ ಬೋರ್ಡ್ ನೇತಾಕ್ತಾರೆ. ನಮ್ಮ ಬಾಗಿಲಿಗೆ ಬೋರ್ಡ್ ಬಂದಾಗ ನಾನು ಯಾರೋ ಉಡುಗೊರೆ ಕೊಟ್ಟಿದಾರೆ ಅಂತ ಒಳಗೆ ತಂದು ಶೋಕೇಸ್‌ನಲ್ಲಿ ಇಟ್ಟಿದ್ದೆ! ಎರಡು ವಾರ ಮೆಟ್ಟಿಲು ಧೂಳು ಹಿಡೀತು, ಕೆಳಗಿನ ಮನೆ ಅಜ್ಜಿ ಬಂದು ಬಾಗಿಲು ತಟ್ಟಿದ್ರು, ಬೋರ್ಡ್ ಎಲ್ಲಿದೆ ಅಂತ ನೋಡಿ ಹೊಟ್ಟೆ ಹಿಡ್ಕೊಂಡು ನಕ್ರು. ಆಮೇಲೆ ಅವ್ರೇ ನನಗೆ ಭಾಷೆ ಕಲ್ಸಿದ್ದು, ಪೊರಕೆ, ಬಕೆಟ್ಟು, ಅರಿವೆ ಅಂತ ಶುರುವಾಗಿ. ನಿಮ್ಮ ಸರದಿ ಬಂದಾಗ ಮಗನ ಕೈಗೂ ಒಂದು ಚಿಕ್ಕ ಪೊರಕೆ ಕೊಟ್ಟು ಕರ್ಕೊಂಡು ಹೋಗಿ, ಅಲ್ಲಿ ಯಾರಾದ್ರೂ ಎರಡು ಮಾತಾಡ್ದೆ ಹಾದು ಹೋಗಲ್ಲ.

ಮಗು ಮನೇಲಿ ಓಡಾಡಿದ್ರೆ ಕೆಳಗಿನೋರು ಬೈತಾರೆ ಅಂತ ಅವನನ್ನ ಇಡೀ ಭಾನುವಾರ ಶ್ ಶ್ ಅಂತ ಕೂರಿಸ್ಬೇಡಿ. ರಾತ್ರಿ 10ರಿಂದ ಬೆಳಗ್ಗೆ 6 ನಿಶ್ಶಬ್ದ ಇರ್ಬೇಕು ನಿಜ, ಭಾನುವಾರ ಡ್ರಿಲ್ ಮಷಿನ್ ಹಿಡ್ಕೊಂಡ್ರೆ ಜಗಳ ಗ್ಯಾರಂಟಿ, ಆದ್ರೆ ಚಿಕ್ಕ ಮಕ್ಕಳ ಸದ್ದನ್ನ ಅಲ್ಲಿನ ಕೋರ್ಟುಗಳೂ ಸಾಕಷ್ಟು ಸಹಿಸ್ಕೊಳ್ಳಿ ಅಂತಾವೆ, ಕೀಟಾ ಮತ್ತೆ ಆಟದ ಮೈದಾನದ ಗಲಾಟೆ ಬಗ್ಗೆ 2011ರಲ್ಲಿ ಕಾನೂನಿಗೇ ತಿದ್ದುಪಡಿ ತಂದ್ರು.

ಭಾಷೆ ಕೋರ್ಸಿಗೆ ಈ ತಿಂಗಳೇ ಓಡಾಡಿ. ಕುಟುಂಬ ಸೇರೋಕೆ ಅಂತ ಬಂದೋರಿಗೆ ಸರ್ಕಾರದ ಇಂಟಿಗ್ರೇಶನ್ ಕೋರ್ಸ್ ಇದೆ, 600 ಗಂಟೆ ಭಾಷೆ, 100 ಗಂಟೆ ದೇಶದ ಪರಿಚಯ, ಗುರಿ ಬಿ1, ಅಂದ್ರೆ ದಿನನಿತ್ಯದ ಮಾತುಕತೆ ನಿಭಾಯಿಸೋ ಮಟ್ಟ. ಮಾಮೂಲಿಯಾಗಿ ಆ ಹಕ್ಕು ನಿಮ್ಮ ವಾಸದ ಪರ್ಮಿಟ್ ಕಾರ್ಡ್ ಕೊಟ್ಟು ಒಂದು ವರ್ಷದಲ್ಲಿ ಮುಗಿಯುತ್ತೆ, ಡಿಗ್ರಿ ಇದ್ದು ಕೆಲ್ಸ ಸುಲಭವಾಗಿ ಸಿಗೋ ಥರ ಇದ್ರೆ ನಿಮಗೆ ಅವಶ್ಯ ಇಲ್ಲ ಅಂತಲೂ ಹೇಳ್ಬಹುದು, ಆಗ ಫೋಕ್ಸ್‌ಹೋಖ್‌ಶೂಲೆ ಅನ್ನೋ ಊರಿನ ವಯಸ್ಕರ ಶಾಲೇಲಿ ಸೇರಿ, ಬಹಳಷ್ಟು ಊರಲ್ಲಿ ಇರುತ್ತೆ. ಆಪ್‌ನಲ್ಲಿ ಕಲಿತೀನಿ ಅನ್ಬೇಡಿ. ನಿಮಗೆ ಬೇಕಿರೋದು ಬರೀ ಕ್ರಿಯಾಪದ ಅಲ್ಲ, ವಾರಕ್ಕೆ ನಾಲ್ಕು ದಿನ ಬಟ್ಟೆ ಹಾಕ್ಕೊಂಡು ಹೊರಡೋಕೆ ಒಂದು ಜಾಗ, ನಿಮ್ಮ ಹಾಗೇ ತಡವರಿಸೋ ಹತ್ತು ಜನ. ನಿಮ್ಮ ಕಾರ್ಡ್‌ನಲ್ಲಿ ಕೆಲ್ಸಕ್ಕೆ ಅನುಮತಿ ಅಂತ ಬರೆದಿರುತ್ತೆ, ಬ್ಲೂ ಕಾರ್ಡ್‌ನೋರ ಹೆಂಡ್ತಿಗೆ ಮೊದ್ಲ ದಿನದಿಂದಲೇ ಕೆಲ್ಸ ಮಾಡೋ ಹಕ್ಕಿದೆ, ಎಷ್ಟೋ ಜನಕ್ಕೆ ಇದು ಎರಡು ವರ್ಷ ಆದ್ಮೇಲೆ ಗೊತ್ತಾಗುತ್ತೆ. ಇನ್ನೊಂದು, ಕಿಂಡರ್‌ಗೆಲ್ಡ್, ಅಂದ್ರೆ ಮಗು ಇರೋ ಮನೆಗೆ ಸರ್ಕಾರ ಕೊಡೋ ದುಡ್ಡು, ಅದಕ್ಕೆ ಅರ್ಜಿ ಹಾಕಿದೀರಾ? 2025ರಲ್ಲಿ ಮಗುಗೆ ತಿಂಗಳಿಗೆ 255 ಯೂರೋ ಇತ್ತು, ಹಿಂದಿನದ್ದು ಆರೇ ತಿಂಗಳದ್ದು ಕೊಡೋದು. ಹಾಕಿಲ್ಲ ಅಂದ್ರೆ ನಿಮ್ಮ ಜೂನ್, ಜುಲೈ ಆಗ್ಲೇ ಹೋಯ್ತು, ಇನ್ನೊಂದು ತಿಂಗಳು ಕಳ್ಕೊಬೇಡಿ. ಕೋರ್ಸ್ ಫೀಸಿಗೆ ಆಯ್ತು. ಇವೆಲ್ಲ ಅಂಚೇಲಿ ಬರೋವು, ಲೆಟರ್ ಬಾಕ್ಸ್ ಮೇಲೆ ನಿಮ್ಮ ಹೆಸರೂ ಮಗನ ಹೆಸರೂ ಇದೆಯಾ ನೋಡಿ, ಹೆಸರಿಲ್ದಿದ್ರೆ ಪೋಸ್ಟ್‌ಮ್ಯಾನ್ ವಾಪಸ್ ತಗೊಂಡು ಹೋಗ್ಬಿಡ್ತಾನೆ.

ನಿಮ್ಮೆಜಮಾನ್ರಿಗೆ ಈ ಪ್ಯಾರಾ ಓದಿಸಿ. ಸ್ವಾಮಿ, ನಿಮಗೆ ಆಫೀಸಲ್ಲಿ ಇಂಗ್ಲಿಷು, ಕಾಫಿ, ನಗೋಕೆ ನಾಲ್ಕು ಜನ ಎಲ್ಲಾ ಇದೆ, ದೇಶ ಬದಲಾಗಿದ್ದು ನಿಜವಾಗ್ಲೂ ನಿಮ್ಮ ಹೆಂಡ್ತಿ ಮಗನಿಗೆ. ವಾರದಲ್ಲಿ ಎರಡು ದಿನ ಬೆಳಗ್ಗೆ ಮಗನ್ನ ನೀವು ಬಿಡಿ, ಅಮ್ಮನ ಹತ್ರ ಅಳೋ ಎಷ್ಟೋ ಮಕ್ಕಳು ಅಪ್ಪನ ಹತ್ರ ಅಳಲ್ಲ. ಕೀಟಾದ ಪೋಷಕರ ಮೀಟಿಂಗಿಗೆ ನೀವೂ ಹೋಗಿ. ಮಗನಿಗೆ ಶೀತ ಜ್ವರ ಬಂತು ಅಂತ ಮನೇಲಿ ಯಾರ ಮೇಲೂ ತಪ್ಪು ಹಾಕ್ಬೇಡಿ, ಕೀಟಾದ ಮೊದ್ಲ ವರ್ಷ 8-10 ಸಲ ಶೀತ ಆಗೋದು ಮಾಮೂಲು. ಭಾನುವಾರ ಅಂಗಡಿ ಎಲ್ಲಾ ಮುಚ್ಚಿರುತ್ತೆ, ಮಾಡೋಕೆ ಬೇರೆ ಕೆಲ್ಸ ಇರಲ್ಲ, ಬೆಳಗ್ಗೆ ಮೂರು ಗಂಟೆ ಮಗನ್ನ ಮೈದಾನಕ್ಕೆ ಕರ್ಕೊಂಡು ಹೋಗಿ ಇವ್ರಿಗೆ ಮನೆ ಬಿಟ್ಕೊಡಿ.

ಅತ್ತೆಯವರ ಮೇಲೆ ಬೇಜಾರು ಮಾಡ್ಕೋಬೇಡಿ, ಅವ್ರಿಗೆ ಮೊಬೈಲ್ ಪರದೆಯಷ್ಟೇ ಕಾಣೋದು. ಅಲ್ಲಿ ಸಂಜೆ 4 ಅಂದ್ರೆ ಚಳಿಗಾಲದಲ್ಲಿ ನಮ್ಮಲ್ಲಿ ರಾತ್ರಿ ಎಂಟೂವರೆ, ಮಗು ಕೀಟಾದಿಂದ ಬಂದು ಹೈರಾಣಾಗಿರೋ ಹೊತ್ತಿಗೇ ಸರಿಯಾಗಿ ಅಜ್ಜಿ ಫೋನು, "ಜರ್ಮನ್‌ನಲ್ಲಿ ಒಂದು ಹೇಳು ನೋಡೋಣ" ಅಂತ. ಮಂಕಾಗಿ ಕಾಣ್ದೆ ಇನ್ನೇನು. ಶನಿವಾರ ಬೆಳಗ್ಗೆಗೆ ಬದಲಾಯ್ಸಿ. ಫೋನನ್ನ ಡಬ್ಬಕ್ಕೆ ಒರಗಿಸಿಟ್ಟು, ಅವನು ಪಕ್ಕದಲ್ಲಿ ಆಡ್ಕೊಂಡಿರ್ಲಿ, ಅಜ್ಜಿ ಪ್ರಶ್ನೆ ಕೇಳೋದು ಬೇಡ, ಕಥೆ ಹೇಳ್ಲಿ. ಅವನ ಕನ್ನಡಕ್ಕೂ ಒಳ್ಳೇದು, ಅತ್ತೆಗೂ ತಾನು ಬೇಕು ಅನ್ಸುತ್ತೆ, ಆ ಅರ್ಧ ಗಂಟೆ ನೀವು ಕಾಫಿ ಕುಡೀಬಹುದು.

ಫೆಬ್ರವರಿ ಯಾಕೆ ಬೇಡ ಅಂದೆ ಅಂದ್ರೆ, ಮೊದ್ಲ ಚಳಿಗಾಲದ ಕೊನೆಗೆ ಎಲ್ಲರಿಗೂ ಹಾಗೇ ಅನ್ಸೋದು. ಡಿಸೆಂಬರ್‌ನಲ್ಲಿ ಎಂಟು ಗಂಟೆ ದಾಟಿದ್ಮೇಲೆ ಬೆಳಕು, ನಾಲ್ಕೂವರೆಗೆ ಕತ್ತಲು, ಅಷ್ಟು ಕತ್ತಲು ನಮ್ಮ ಮೈ ಕಂಡಿಲ್ಲ. ಮಾರ್ಚ್ ಕೊನೇ ಭಾನುವಾರ ಗಡಿಯಾರ ಮುಂದಕ್ಕೆ ತಿರುಗಿಸ್ತಾರೆ, ಸಂಜೆ ಏಳೂಮುಕ್ಕಾಲಿನ ತನಕ ಬೆಳಕಿರುತ್ತೆ, ಮೈದಾನ ಎಲ್ಲಾ ಅಮ್ಮಂದಿರು ಮಕ್ಕಳಿಂದ ತುಂಬ್ಕೊಳುತ್ತೆ. ಆವಾಗ ಇಬ್ರೂ ಕೂತು ಮಾತಾಡಿ. ಅಲ್ಲೀ ತನಕ ದಿನಕ್ಕೆ ಒಂದ್ಸಲ ಹಗಲು ಹೊತ್ತಲ್ಲಿ ಹೊರಗೆ ಹೋಗ್ಲೇಬೇಕು, ಮಳೆ ಇದ್ರೂ. ಆದ್ರೆ ಎರಡು ವಾರಕ್ಕೂ ಮೀರಿ ದಿನಾ ಅಳು ಬರ್ತಿದ್ರೆ, ನಿದ್ದೆ ಊಟ ಕೆಟ್ಟಿದ್ರೆ ಮಾರ್ಚ್ ತನಕ ಕಾಯ್ಬೇಡಿ, ನಿಮ್ಮ ಮನೆ ಡಾಕ್ಟರ್‌ಗೆ ಇಂಗ್ಲಿಷಲ್ಲೇ ಹೇಳಿ. ಕ್ಲಿನಿಕ್ ಮುಚ್ಚಿರೋ ಹೊತ್ತಲ್ಲಿ 116117ಕ್ಕೆ ಫೋನ್ ಮಾಡ್ಬಹುದು, ಏನೂ ತಡ್ಕೊಳ್ಳೋಕಾಗ್ತಿಲ್ಲ, ಜೀವದ ಮೇಲೇ ಬೇಜಾರು ಅನ್ಸಿದ್ರೆ ತಕ್ಷಣ 112, ಅದು ಅಲ್ಲಿನ ತುರ್ತು ನಂಬರ್. ಮಗನ ಮೌನಕ್ಕೆ ನಾಲ್ಕು ತಿಂಗಳು ಟೈಮ್ ಕೊಡಿ ಅಂದೆ, ನಿಮ್ಮ ಅಳುಗೆ ಅಷ್ಟು ಟೈಮ್ ಕೊಡೋಕೆ ನಾನು ಒಪ್ಪಲ್ಲ.

ಜೂನ್‌ನಲ್ಲಿ ಮತ್ತೆ ಬರೀರಿ. ಅಲ್ಲೀ ತನಕ ಒಂದು ಪುಸ್ತಕದಲ್ಲಿ ವಾರಕ್ಕೆ ಎರಡು ಸಾಲು ಬರೆದಿಡಿ, ಅವನು ಕೀಟಾದಲ್ಲಿ ಏನು ಮಾಡ್ದ ಅಂತ ಒಂದು, ನೀವು ಮನೆಯಿಂದ ಹೊರಗೆ ಯಾರ ಹತ್ರ ಏನು ಮಾತಾಡಿದ್ರಿ ಅಂತ ಇನ್ನೊಂದು. ನಾನು ಎರಡ್ನೇದನ್ನ ಮೊದ್ಲು ಓದ್ತೀನಿ.